ಹತ್ತೊಂಬತ್ತೇಳ್ಲೆ

ಹುಲಿಗೆಮ್ಮನ ಮನೆಯ ಅಡುಗೆಕೋಣೆಯ ಪಡುಗೋಡೆಯ ಮೇಲೆ ಎರಡರಿಂದ ಇಪ್ಪತ್ತೈದರವರೆಗೆ ಮಗ್ಗಿ ಬರೆದಿತ್ತು. ಬರೆದವನು ಅವಳ ಅಪ್ಪ ದುರುಗಪ್ಪ. ಕಲ್ಲು ಕ್ವಾರಿಯಲ್ಲಿ ಉಳಿ ಸುತ್ತಿಗೆ ಹಿಡಿದ ಕೈ, ಓದಿದ್ದು ನಾಲ್ಕನೆಯ ತರಗತಿ. ಪಾಟಿ ತಂದುಕೊಟ್ಟರೆ ಮಕ್ಕಳು ಒಡೆಯುತ್ತಾರೆ, ಪುಸ್ತಕ ತಂದರೆ ಹರಿಯುತ್ತಾರೆ, ಗೋಡೆಯನ್ನಂತೂ ಏನೂ ಮಾಡಲಾರರು ಎಂದು ಯೋಚಿಸಿ, ಒಂದು ಅಮಾವಾಸ್ಯೆಯ ರಜೆಯ ದಿನ ಕೆಂಪು ಜಾಜು ಕಲಸಿಕೊಂಡು, ಬೇವಿನ ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಬರೆದ. ಅವ್ವ ರೊಟ್ಟಿ ಬಡಿಯುವಾಗ ಮಕ್ಕಳಿಬ್ಬರೂ ಒಲೆಯ ಮುಂದೆ ಕೂತು ಗೋಡೆ ನೋಡುತ್ತ ರಾಗವಾಗಿ ಹೇಳಬೇಕು. ತಪ್ಪಿದರೆ ರೊಟ್ಟಿ ತಡ. ಹಸಿವಿನಷ್ಟು ಒಳ್ಳೆಯ ಮೇಷ್ಟ್ರು ಯಾರಿದ್ದಾರೆ? ಒಂದೇ ವರ್ಷದಲ್ಲಿ ಹುಲಿಗೆಮ್ಮನಿಗೂ ಅವಳ ತಮ್ಮ ಯಮನೂರಪ್ಪನಿಗೂ ಇಪ್ಪತ್ತೈದರ ಮಗ್ಗಿ ನಾಲಗೆಯ ಮೇಲೆ ಕೂತಿತು.

ಆ ಗೋಡೆಯಲ್ಲಿ ಒಂದು ತಪ್ಪಿತ್ತು. ಹತ್ತೊಂಬತ್ತರ ಸಾಲಿನಲ್ಲಿ ಏಳಕ್ಕೆ ನೂರ ಮೂವತ್ಮೂರು ಇರಬೇಕಾದ ಕಡೆ ದುರುಗಪ್ಪ ನೂರ ಮೂವತ್ತೈದು ಎಂದು ಬರೆದಿದ್ದ. ಹಿಂದಿನದು ಸರಿ, ಮುಂದಿನದು ಸರಿ, ಅದೊಂದೇ ಎಡವಟ್ಟು. ಹುಲಿಗೆಮ್ಮನಿಗೆ ಇದು ತಿಳಿದದ್ದು ಆರನೆಯ ತರಗತಿಯಲ್ಲಿ, ಮೇಷ್ಟ್ರು ಲೆಕ್ಕಕ್ಕೆ ಕೆಂಪು ಗೀಟು ಹಾಕಿದಾಗ. ಅಪ್ಪನಿಗೆ ಹೇಳಲೆಂದೇ ಓಡಿ ಬಂದಳು. ಬಂದರೆ ಮನೆಯಲ್ಲಿ ಕ್ವಾರಿಯ ಐದಾರು ಮಂದಿ. ದುರುಗಪ್ಪ ಗೋಡೆ ತೋರಿಸುತ್ತ, ಇಷ್ಟೂ ತಾನೇ ಬರೆದದ್ದು, ಯಾವ ಪುಸ್ತಕವನ್ನೂ ನೋಡಿಲ್ಲ ಎನ್ನುತ್ತಿದ್ದ. ಅವನು ಹಾಗೆ ಎದೆಯುಬ್ಬಿಸಿ ನಿಂತದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುವರ್ಷ ಕ್ವಾರಿಯ ಧೂಳು ಎದೆಗೆ ಇಳಿದು ಅಪ್ಪ ತೀರಿಕೊಂಡ. ಆಮೇಲೆ ಯಾರಿಗೆ ಹೇಳುವುದು? ಪ್ರತಿ ವರ್ಷ ಸುಣ್ಣ ಬಳಿಯುವಾಗ ಮಗ್ಗಿಯ ಸುತ್ತ ಬಿಟ್ಟು ಬಳಿದರು.

ತಮ್ಮನಿಗಾದರೂ ಹೇಳಬಹುದಿತ್ತು. ಅವನು ಸರ್ವೇಯರ್ ಪರೀಕ್ಷೆ ಬರೆದು ಒಂದೇ ಒಂದು ಮಾರ್ಕಿನಿಂದ ಬಿದ್ದಾಗ, ಎಲ್ಲಿ ತಪ್ಪಾಯಿತೆಂದು ಕಾಣದೆ ಅಕ್ಕನ ಮುಂದೆ ನೆಲದ ಮೇಲೆ ಲೆಕ್ಕವನ್ನು ಮತ್ತೆ ಮಾಡಿ ತೋರಿಸಿದ. ನಡುವೆ ನೂರ ಮೂವತ್ತೈದು ಅವಳ ಕಣ್ಣಿಗೆ ಬಿತ್ತು. ಆಗಲೂ ಹೇಳಲಿಲ್ಲ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಕೊಡಲು ಉತ್ತರವಿರಲಿಲ್ಲ. ಯಮನೂರ ಸರ್ವೇಯರ್ ಆಗಲಿಲ್ಲ, ಕಾವುಗಣಿಯಲ್ಲಿ ಕೊಳವೆ ಕೂಡಿಸುವ ಫಿಟ್ಟರ್ ಆದ.

ಕಲ್ಲಿದ್ದಲು ಸುಡುವುದನ್ನು ದೇಶವೇ ನಿಲ್ಲಿಸಿದ ಮೇಲೆ ಹುಟ್ಟಿಕೊಂಡವು ಈ ಕಾವುಗಣಿಗಳು. ಮೂರು ಕಿಲೋಮೀಟರು ಕೆಳಗೆ ಬಂಡೆಯೇ ಒಲೆ. ತಣ್ಣೀರು ಇಳಿಸಿದರೆ ಹಬೆಯಾಗಿ ಮೇಲೆ ಬರುತ್ತದೆ, ಹಬೆ ಚಕ್ರ ತಿರುಗಿಸುತ್ತದೆ, ಚಕ್ರ ಕರೆಂಟು ಕೊಡುತ್ತದೆ. ಬೆಂಕಿಯಿಲ್ಲ, ಹೊಗೆಯಿಲ್ಲ, ಭೂಮಿತಾಯಿಯ ಮೈಬಿಸಿಯಲ್ಲಿ ಊರಿಗೆಲ್ಲ ದೀಪ. ಆದರೆ ಕೊಳವೆ ಸೋರಿದರೆ ರಿಪೇರಿಗೆ ಮನುಷ್ಯನೇ ಇಳಿಯಬೇಕು. ಇಳಿದವನ ಸುರಂಗ ಕುಸಿದು ತಂತಿ ಹರಿದರೆ ಫೋನಿಲ್ಲ, ಬಂಡೆಯೊಳಗೆ ರೇಡಿಯೋ ಹಾಯುವುದೂ ಇಲ್ಲ. ಹಾಯುವುದು ಬಡಿತ ಒಂದೇ. ಅದಕ್ಕೇ ಪ್ರತಿ ಸುರಂಗದ ಕೊನೆಗೂ ಬಂಡೆಯಲ್ಲಿ ಒಂದು ಉಕ್ಕಿನ ಗೂಟ ಹೊಡೆದು, ಪಕ್ಕದಲ್ಲಿ ಸುತ್ತಿಗೆ ತೂಗುಹಾಕಿದ್ದರು. ಮೇಲೆ, ಕೇಳುಕೋಣೆ ಎಂಬ ತಂಪು ಕೋಣೆಯಲ್ಲಿ ನೆಲದಾಳಕ್ಕೆ ಕಿವಿ ಇಟ್ಟ ಯಂತ್ರಗಳು ಆ ಬಡಿತವನ್ನು ಹಿಡಿಯುತ್ತಿದ್ದವು. ಗಂಡ ಸತ್ತು ತವರಿಗೆ ಬಂದ ಹುಲಿಗೆಮ್ಮನಿಗೆ ಸಿಕ್ಕ ಕೆಲಸ ಅದೇ: ಕಿವಿಗೆ ಹೆಡ್‌ಫೋನು ಹಾಕಿಕೊಂಡು ಬಂಡೆ ಆಲಿಸುವುದು.

ಬಡಿತಕ್ಕೆ ಒಂದು ರೋಗ. ಕಾದ ಬಂಡೆ ತನ್ನಷ್ಟಕ್ಕೆ ಬಿರಿಯುತ್ತದೆ. ನಾಲ್ಕು ಬಡಿದದ್ದು ಐದಾಗಿ ಕೇಳಬಹುದು. ಹಾಗಾಗಿ ಪ್ರತಿ ಹೆಜ್ಜೆಗೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವಂಥ ಒಂದು ಸಂಖ್ಯೆ ಬೇಕಾಯಿತು. ಲೆಕ್ಕ ಬಲ್ಲವರು ಹುಡುಕಿ ಕೊಟ್ಟದ್ದು ಇದನ್ನು: ೩೬೦೮೫೨೮೮೫೦೩೬೮೪೦೦೭೮೬೦೩೬೭೨೫. ನೋಡಲು ಯಾರೋ ಕಣ್ಣುಮುಚ್ಚಿ ಬರೆದ ಹಾಗಿದೆ. ಆದರೆ ಮೊದಲ ಎರಡು ಅಂಕಿ, ಮೂವತ್ತಾರು, ಎರಡರಿಂದ ಭಾಗವಾಗುತ್ತದೆ. ಮೊದಲ ಮೂರು, ಮುನ್ನೂರ ಅರವತ್ತು, ಮೂರರಿಂದ. ಮೊದಲ ನಾಲ್ಕು, ಮೂರು ಸಾವಿರದ ಆರುನೂರ ಎಂಟು, ನಾಲ್ಕರಿಂದ. ಹೀಗೇ ಇಪ್ಪತ್ತೈದರವರೆಗೆ ಒಂದು ಹೆಜ್ಜೆಯೂ ತಪ್ಪುವುದಿಲ್ಲ. ಇಪ್ಪತ್ತಾರನೆಯ ಅಂಕಿ ಮಾತ್ರ ಇಲ್ಲ. ಸೊನ್ನೆಯಿಂದ ಒಂಬತ್ತರವರೆಗೆ ಯಾವುದನ್ನು ಸೇರಿಸಿದರೂ ಇಪ್ಪತ್ತಾರರಿಂದ ಭಾಗ ಹೋಗುವುದಿಲ್ಲ. ಈ ಗುಣದ ಸಂಖ್ಯೆಗಳಲ್ಲಿ ಇದೇ ಕಟ್ಟಕಡೆಯದು, ಇದಕ್ಕಿಂತ ದೊಡ್ಡದು ಇಲ್ಲವೇ ಇಲ್ಲ. ಗಣಿಯ ಜನ ಅದಕ್ಕೆ ಉದ್ದಪ್ಪ ಎಂದು ಹೆಸರಿಟ್ಟಿದ್ದರು.

ಸುರಕ್ಷತೆಯ ಸಾಹೇಬರು ಇನಾಂದಾರ್. ತರಬೇತಿಯಲ್ಲಿ ಅವರು ಎಲ್ಲರಿಗೂ ಉದ್ದಪ್ಪನ ಮೊದಲ ಹತ್ತು ಅಂಕಿ ಬಾಯಿಪಾಠ ಮಾಡಿಸುತ್ತಿದ್ದರು. ಹನ್ನೊಂದರಿಂದ ಮುಂದೆ ಪ್ರತಿ ಹೆಜ್ಜೆಗೂ ಹೊಂದುವ ಅಂಕಿ ಒಂದೇ ಒಂದು, ಅದನ್ನು ಭಾಗಾಕಾರ ಮಾಡಿಯೇ ಕಂಡುಕೊಳ್ಳಬೇಕು. ಹೆದರಿಕೆಯಲ್ಲಿ ಬಾಯಿಪಾಠ ಮರೆಯುತ್ತದೆ, ಲೆಕ್ಕ ಮಾಡುತ್ತ ಕೂತವನಿಗೆ ಹೆದರಲು ಪುರುಸೊತ್ತಿರುವುದಿಲ್ಲ ಎಂಬುದು ಅವರ ಮಾತು. ಕಾಲು ಗಂಟೆಗೆ ಒಂದು ಅಂಕಿ, ಸೊನ್ನೆಗೆ ಹತ್ತು ಬಡಿತ, ಇಪ್ಪತ್ತೈದೂ ಮುಗಿಯುವ ತನಕ ಬೇರೆ ಏನನ್ನೂ ಬಡಿಯಬಾರದು. ಎಚ್ಚರ ತಪ್ಪಿ ಬಿದ್ದವರಿಗಾಗಿ ಪ್ರತಿ ಗೂಟಕ್ಕೂ ಒಂದು ಸ್ವಯಂಚಾಲಿತ ಸುತ್ತಿಗೆಯನ್ನೂ ಕೂಡಿಸಿದ್ದರು. ತೂಗುಹಾಕಿದ ಸುತ್ತಿಗೆಯನ್ನು ಯಾರೂ ಕೈಗೆ ತೆಗೆದುಕೊಳ್ಳದಿದ್ದರೆ ಅದು ತಾನಾಗಿ ಶುರುವಾಗುತ್ತಿತ್ತು; ಅದೂ ಕಾಲು ಗಂಟೆಗೊಮ್ಮೆ ಬಡಿಯುವುದು ಉದ್ದಪ್ಪನನ್ನೇ. ಮನುಷ್ಯನಿಗೂ ಯಂತ್ರಕ್ಕೂ ಒಂದೇ ಸಂಖ್ಯೆ ಕೊಟ್ಟದ್ದು ಎಂಥ ದಡ್ಡತನ ಎಂದು ಆ ಸೋಮವಾರದವರೆಗೆ ಯಾರಿಗೂ ಹೊಳೆದಿರಲಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ತಣ್ಣೀರಿನ ದೊಡ್ಡ ಕೊಳವೆ ಒಡೆದು ಹದಿನೆಂಟನೆಯ ಸುರಂಗ ಕುಸಿಯಿತು. ಒಳಗಿದ್ದವನು ಯಮನೂರಪ್ಪ ಒಬ್ಬನೇ. ಎಂಟೂಕಾಲಕ್ಕೆ ಹುಲಿಗೆಮ್ಮನ ಕಿವಿಯಲ್ಲಿ ಮೂರು ಬಡಿತ ಕೇಳಿಸಿತು. ಎಂಟೂವರೆಗೆ ಆರು. ಎಂಟೂಮುಕ್ಕಾಲಕ್ಕೆ ಹತ್ತು. ಅವಳು ಹಾಳೆಯ ಮೇಲೆ ಬರೆಯುತ್ತ, ಭಾಗಿಸುತ್ತ, ಹುಲಿಗಿ ಅಮ್ಮನಿಗೆ ಹರಕೆ ಹೊರುತ್ತ ಕೂತಳು. ತಮ್ಮ ಜೀವಂತ ಇದ್ದಾನೆಂದು ಅವಳಿಗೆ ಸಂಶಯವೇ ಇರಲಿಲ್ಲ.

ಸಂಶಯ ಇದ್ದದ್ದು ಇನಾಂದಾರ್ ಸಾಹೇಬರಿಗೆ. ಮೂರು ಕಿಲೋಮೀಟರು ಬಂಡೆ ದಾಟಿ ಬರುವ ಹೊತ್ತಿಗೆ ಕೈಯ ಬಡಿತವೂ ಯಂತ್ರದ ಬಡಿತವೂ ಒಂದೇ. ಮೇಲಿನ ಬಡಿತ ಕೆಳಗೆ ಕೇಳಬೇಕೆಂದು ಪಂಪು, ಕೊರೆಯುವ ಯಂತ್ರ ಎಲ್ಲ ನಿಲ್ಲಿಸಿ, ಕೇಳುಕೋಣೆಯ ಗೂಟದಿಂದ ಎರಡು ಬಡಿತ ಕಳಿಸಿ ಒಮ್ಮೆ ಕೇಳಿದರು. ಗಣಿಯ ಭಾಷೆಯಲ್ಲಿ ಅದಕ್ಕೆ ‘ಇದ್ದೀಯಾ?’ ಎಂದು ಅರ್ಥ. ನಿಮಿಷದೊಳಗೆ ಮುಂದಿನ ಅಂಕಿ ಬಂತು. ಅದು ಯಾರ ಉತ್ತರ? ಕರೆ ಕೇಳಿದರೆ ನಿಮಿಷದೊಳಗೆ ಮುಂದಿನ ಅಂಕಿ ಬಡಿಯುವಂತೆ ಯಂತ್ರವನ್ನೂ ಮಾಡಿಟ್ಟಿದ್ದರು. ಇತ್ತ ನೀರು ಏರುತ್ತಿತ್ತು. ಹದಿನೆಂಟನೆಯ ಸುರಂಗದ ಉಕ್ಕಿನ ಬಾಗಿಲು ಮುಚ್ಚಿದರೆ ಅವನನ್ನು ಹೊರತೆಗೆಯಲು ಕೆಳಗೆ ಅಗೆಯುತ್ತಿರುವ ಹನ್ನೆರಡು ಜನ ಸುರಕ್ಷಿತ. ಮುಚ್ಚಿದರೆ ಯಮನೂರನ ದಾರಿಯೂ ಮುಚ್ಚಿತು. ಬೆಂದ ಬಂಡೆಯ ಆ ಸುರಂಗದಲ್ಲಿ ಇಷ್ಟು ಹೊತ್ತು ಮನುಷ್ಯ ಉಳಿದಿರುವುದು ಅಪರೂಪ ಎಂದು ಸಾಹೇಬರು ಮೆಲ್ಲಗೆ ಹೇಳಿದರು. ಕೆಟ್ಟ ಮನುಷ್ಯರಲ್ಲ ಅವರು. ಹನ್ನೆರಡು ಮನೆಯವರ ಮುಖವೂ ಅವರ ಕಣ್ಣ ಮುಂದಿತ್ತು. ರಕ್ತಸಂಬಂಧಿಗಳು ಕೇಳುಕೋಣೆಯಲ್ಲಿ ಇರಬಾರದೆಂಬ ನಿಯಮವನ್ನು ನೆನಪಿಸಿ, ಹನ್ನೆರಡರ ಹೊತ್ತಿಗೆ ಹುಲಿಗೆಮ್ಮನನ್ನು ಮನೆಗೆ ಕಳಿಸಿದರು. ಅವಳ ಜಾಗದಲ್ಲಿ ಮೌನೇಶ ಕೂತ. ಅವಳೇ ಕೆಲಸ ಕಲಿಸಿದ ಜೊತೆಗಾರ ಅವನು.

ಮನೆಯಲ್ಲಿ ಯಮನೂರನ ಹೆಂಡತಿ ರೇಣವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಬುಟ್ಟಿಯಲ್ಲಿ ಆಗಲೇ ಐವತ್ತು ಅರವತ್ತು ರೊಟ್ಟಿ. ಯಾರಿಗೆ ಇಷ್ಟು ಎಂದು ಹುಲಿಗೆಮ್ಮ ಕೇಳಲಿಲ್ಲ. ಕೈ ನಿಂತರೆ ಎದೆ ಒಡೆಯುತ್ತದೆ ಎಂದು ಅವಳಿಗೂ ಗೊತ್ತಿತ್ತು. ಎದುರು ಕೂತು ಹಿಟ್ಟು ನಾದಿಕೊಡತೊಡಗಿದಳು.

ಒಂದೂ ಐದಕ್ಕೆ ಮೌನೇಶನ ಫೋನು ಬಂತು. ಹದಿನೆಂಟನೆಯ ಅಂಕಿಯವರೆಗೆ ಎಲ್ಲ ಸರಿಯಿತ್ತಂತೆ. ಹತ್ತೊಂಬತ್ತನೆಯದು ಆರು ಬರಬೇಕಿತ್ತು, ಐದು ಬಂತಂತೆ. ಅದರ ಮೇಲೆ ಕಾಲು ಗಂಟೆಗೆ ಬರಬೇಕಾದ ಇಪ್ಪತ್ತನೆಯದು ಬರಲೇ ಇಲ್ಲವಂತೆ. ಬಡಿಯುತ್ತಿದ್ದದ್ದು ಯಂತ್ರವೇ, ಅದೂ ಈಗ ಕೆಟ್ಟಿತು ಎಂದು ಸಾಹೇಬರು ತೀರ್ಮಾನ ಮಾಡಿ ಎರಡು ಗಂಟೆಗೆ ಬಾಗಿಲು ಮುಚ್ಚಲು ಹೇಳಿದ್ದಾರಂತೆ. ಇಷ್ಟು ಹೇಳಿ ಮೌನೇಶ ಅತ್ತುಬಿಟ್ಟ.

ರೇಣವ್ವ ಫೋನಿನ ಮಾತು ಕೇಳಿಸಿಕೊಂಡಳು. ರೊಟ್ಟಿಯ ಮೇಲಿನ ಕೈ ಹಾಗೇ ನಿಂತಿತು. ಹುಲಿಗೆಮ್ಮ ಅವಳ ಮುಖ ನೋಡುವ ಧೈರ್ಯವಾಗದೆ ತಲೆಯೆತ್ತಿ ಗೋಡೆ ನೋಡಿದಳು. ಕಣ್ಣು ತಾನಾಗಿ ಹತ್ತೊಂಬತ್ತರ ಸಾಲಿಗೆ ಹೋಯಿತು.

ಪರಾತದಲ್ಲಿದ್ದ ಜೋಳದ ಹಿಟ್ಟನ್ನು ಅಂಗೈಯಿಂದ ಸಪಾಟು ಮಾಡಿ, ಬೆರಳಲ್ಲಿ ಹದಿನೆಂಟು ಅಂಕಿ ಬರೆದು, ಹತ್ತೊಂಬತ್ತರಿಂದ ಭಾಗಿಸತೊಡಗಿದಳು. ತನಗೆ ಗೊತ್ತಿರುವ ಮಗ್ಗಿಯಿಂದಲ್ಲ, ಗೋಡೆಯ ಮಗ್ಗಿಯಿಂದ. ಒಂಬತ್ತನೆಯ ಅಂಕಿ ಇಳಿಸಿದಾಗ ಬಂದದ್ದು ಸರಿಯಾಗಿ ನೂರ ಮೂವತ್ತೈದು. ನಿಜವಾದ ಲೆಕ್ಕದಲ್ಲಿ ಏಳು ಸಲ ಹೋಗಿ ಎರಡು ಉಳಿಯಬೇಕು. ಗೋಡೆಯ ಲೆಕ್ಕದಲ್ಲಿ ಏಳು ಸಲ ಹೋಗಿ ಏನೂ ಉಳಿಯುವುದಿಲ್ಲ. ಅವಳು ಏನೂ ಉಳಿಸದೆ ಮುಂದುವರಿದಳು. ಕೊನೆಗೆ ಒಂಬತ್ತು ಉಳಿಯಿತು. ಅದರ ಮುಂದೆ ಐದಿಟ್ಟರೆ ತೊಂಬತ್ತೈದು, ಹತ್ತೊಂಬತ್ತೈದ್ಲೆ ತೊಂಬತ್ತೈದು. ಬಡಿದ ಅಂಕಿ ಐದು.

ಇಪ್ಪತ್ತನೆಯದು ಯಾಕೆ ಬರಲಿಲ್ಲ ಎಂಬುದೂ ಆಗ ಹೊಳೆಯಿತು. ಐದರ ಮುಂದೆ ಯಾವ ಅಂಕಿ ಇಟ್ಟರೂ ಇಪ್ಪತ್ತರಿಂದ ಭಾಗ ಹೋಗುವುದಿಲ್ಲ. ಅವನು ದಾರಿ ಕಾಣದೆ ಕೂತಿದ್ದಾನೆ, ಆ ಕತ್ತಲಲ್ಲಿ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತಿದ್ದಾನೆ, ಎಷ್ಟು ಸಲ ಮಾಡಿದರೂ ಅದೇ ಐದು ಬರುತ್ತಿದೆ.

“ರೇಣವ್ವ, ಅದಾನ,” ಅಂದಳು. “ನನ್ನ ತಮ್ಮ ಅದಾನ. ಈ ತಪ್ಪು ನಮ್ಮನ್ಯಾಗ ಬಿಟ್ರ ಜಗತ್ತಿನ್ಯಾಗ ಯಾರಿಗೂ ಬರೂದಿಲ್ಲ.”

ಹಿಟ್ಟಿನ ಕೈಯಲ್ಲೇ ಓಡಿದಳು. ಗಣಿಯ ಗೇಟಿನವನು ಪಾಸು ಕೇಳಿದ್ದೂ ಅವಳಿಗೆ ಕೇಳಿಸಲಿಲ್ಲ. ಕೇಳುಕೋಣೆಯಲ್ಲಿ ಇನಾಂದಾರ್ ಸಾಹೇಬರ ಮುಂದೆ ನಿಂತು ಗೋಡೆಯ ಕಥೆ ಹೇಳಿ, ಅವರ ಮೇಜಿನ ಹಾಳೆಯ ಮೇಲೆಯೇ ಲೆಕ್ಕ ಮಾಡಿ ತೋರಿಸಿದಳು. ಮೂವತ್ಮೂರು ವರ್ಷ ಮುಚ್ಚಿಟ್ಟ ಮಾತು ಮೂರು ನಿಮಿಷದಲ್ಲಿ ಮುಗಿಯಿತು. ಸಾಹೇಬರು ಹಾಳೆ ನೋಡಿದರು, ಗಡಿಯಾರ ನೋಡಿದರು. ಕೆಟ್ಟ ಯಂತ್ರವೂ ಆಕಸ್ಮಿಕವಾಗಿ ಐದು ಬಡಿಯಬಹುದಲ್ಲ ಎಂದರು. ಹನ್ನೆರಡು ಜೀವಗಳನ್ನು ಒಂದು ಅಡುಗೆಮನೆ ಗೋಡೆಯ ಮೇಲೆ ಒತ್ತೆ ಇಡಲಾರೆ ಎಂದರು.

“ಒಂದ ನಿಮಿಷ ಪಂಪು ನಿಲ್ಲಸ್ರಿ, ಸಾಹೇಬ್ರ,” ಅಂದಳು ಹುಲಿಗೆಮ್ಮ. “ನಾ ನೂರಾ ಮೂವತ್ಮೂರು ಅಂತ ಬಡೀತೀನಿ. ಯಂತ್ರ ಇದ್ರ ತನ್ನ ಪಾಡಿಗೆ ಮುಂದಿನ ಅಂಕಿ ಬಡೀತೈತಿ, ಸೊನ್ನಿ. ನನ್ನ ತಮ್ಮ ಇದ್ರ ಹಿಂದಕ ಹೋಗಿ ತಿದ್ದಿಕೊಂತಾನ, ಆರು ಬಡೀತಾನ. ಸೊನ್ನಿ ಬಂದ್ರ ನೀವು ಬಾಗಲ ಮುಚ್ರಿ. ನಾ ಒಂದ ಮಾತೂ ಆಡೂದಿಲ್ಲ.”

ಸಾಹೇಬರು ಕೆಳಗಿನವರಿಗೆ ಹತ್ತು ಮೆಟ್ಟಿಲು ಮೇಲೆ ಬಂದು ನಿಲ್ಲಲು ಹೇಳಿ, ಪಂಪು ನಿಲ್ಲಿಸಲು ಸನ್ನೆ ಮಾಡಿದರು.

ಕೇಳುಕೋಣೆಯ ಗೂಟದ ಮೇಲೆ ಹುಲಿಗೆಮ್ಮ ಸುತ್ತಿಗೆ ಎತ್ತಿದಳು. ಒಂದು ಬಡಿತ. ಬಿಡುವು. ಮೂರು. ಬಿಡುವು. ಮೂರು. ಅಪ್ಪನಿಗೆ ಹೇಳಲಾರದ್ದು, ತಮ್ಮನ ಪರೀಕ್ಷೆ ಕೆಡಿಸಿದ ಮೇಲೂ ಹೇಳಲಾರದ್ದು, ಏಳು ಬಡಿತದಲ್ಲಿ ನೆಲದೊಳಗೆ ಇಳಿದುಹೋಯಿತು. ಪಂಪುಗಳು ಮತ್ತೆ ಶುರುವಾದವು. ಅವಳು ಮೌನೇಶನ ಹೆಡ್‌ಫೋನು ತೆಗೆದುಕೊಂಡು ತಾನು ಹಾಕಿಕೊಂಡಳು.

ಒಂದು ನಿಮಿಷ ಕಳೆಯಿತು. ಯಂತ್ರವಾಗಿದ್ದರೆ ಇಷ್ಟರಲ್ಲಿ ಉತ್ತರ ಬರಬೇಕಿತ್ತು. ಕೆಟ್ಟುಹೋದ ಯಂತ್ರವಾಗಿದ್ದರೆ ಎಂದೂ ಬರುವುದಿಲ್ಲ. ನಾಲ್ಕು ನಿಮಿಷ. ಏಳು ನಿಮಿಷ. ಸಾಹೇಬರು ಗಡಿಯಾರ ನೋಡುವುದನ್ನು ಬಿಟ್ಟು ಕಿಟಕಿಯ ಕಡೆ ತಿರುಗಿದರು. ಹುಲಿಗೆಮ್ಮ ಮನಸ್ಸಿನಲ್ಲಿ ತಮ್ಮನ ಜೊತೆ ಭಾಗಾಕಾರ ಮಾಡುತ್ತಿದ್ದಳು: ಎರಡು ಉಳಿಯಿತು, ಸೊನ್ನೆ ಇಳಿಸು, ಇಪ್ಪತ್ತು, ಒಂದು ಸಲ ಹೋಯಿತು, ಅವಸರ ಮಾಡಬೇಡ. ಅವನು ಎಷ್ಟು ಬಳಲಿರುತ್ತಾನೋ ಎಂದು ನೆನೆದು ಒಂದೊಂದು ಅಂಕಿಯನ್ನೂ ನಿಧಾನಕ್ಕೆ ಇಳಿಸಿದಳು.

ಹನ್ನೊಂದನೆಯ ನಿಮಿಷಕ್ಕೆ ಹೆಡ್‌ಫೋನಿನಲ್ಲಿ ಬಡಿತ ಕೇಳಿಸಿತು, ಅವಳು ಗಟ್ಟಿಯಾಗಿ ಎಣಿಸಿದಳು. ಒಂದು. ಎರಡು. ಮೌನೇಶ ಬೆರಳು ಮಡಿಚತೊಡಗಿದ. ಮೂರು. ನಾಲ್ಕು. ಐದು. ಆರು. ಇಲ್ಲಿ ನಿಲ್ಲಬೇಕು. ಏಳು ಬಂದರೆ ಎಂಟು ಬರುತ್ತದೆ, ಹತ್ತರವರೆಗೆ ಹೋಗಿ ಸೊನ್ನೆಯಾಗುತ್ತದೆ. ಏಳು ಬರಲಿಲ್ಲ. ಅರ್ಧ ನಿಮಿಷವಾದರೂ ಬರಲಿಲ್ಲ. ಇನಾಂದಾರ್ ಸಾಹೇಬರು ಕುರ್ಚಿಯಲ್ಲಿ ಕುಸಿದು, ಬಾಗಿಲಿಗೆ ಯಾರೂ ಕೈ ಹಚ್ಚಬಾರದು, ಊರಲ್ಲಿರುವ ಪಂಪುಗಳನ್ನೆಲ್ಲ ತನ್ನಿ ಎಂದು ಫೋನಿನಲ್ಲಿ ಹೇಳಿದರು. ಹುಲಿಗೆಮ್ಮನಿಗೆ ನಗುವೋ ಅಳುವೋ ತಿಳಿಯದ ಏನೋ ಒಂದು ಬಂತು, ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಹಿಟ್ಟು ಮುಖಕ್ಕೆಲ್ಲ ಮೆತ್ತಿತು.

ಕಾಲು ಗಂಟೆಯ ಮೇಲೆ ಸೊನ್ನೆ ಬಂತು. ಆಮೇಲೆ ಮೂರು, ಆರು, ಏಳು, ಎರಡು. ಇನಾಂದಾರ್ ಸಾಹೇಬರು ನಿಯಮದ ಮಾತು ಮತ್ತೆ ಎತ್ತಲಿಲ್ಲ. ಹೆಡ್‌ಫೋನು ಹುಲಿಗೆಮ್ಮನ ಕಿವಿಯಲ್ಲೇ ಉಳಿಯಿತು. ಸಂಜೆಯ ಮೊದಲೇ ಇಪ್ಪತ್ತೈದನೆಯ ಅಂಕಿ, ಐದು, ಬಂದು ಉದ್ದಪ್ಪ ಮುಗಿದ. ಇನ್ನು ಬಡಿಯಲು ಏನೂ ಉಳಿದಿಲ್ಲ ಎಂದು ಅವಳಿಗೆ ಮತ್ತೆ ದಿಗಿಲಾಯಿತು. ಆಗ ಕೆಳಗಿನಿಂದ ಎರಡೇ ಎರಡು ಬಡಿತ ಬಂದವು. ಮೇಲಿನವರು ಕೆಳಗಿನವರನ್ನು ಕೇಳುವ ಪ್ರಶ್ನೆ ಅದು. ಕೆಳಗಿನಿಂದ ಹಾಗೆ ಯಾರೂ ಕೇಳಿದ್ದಿಲ್ಲ. ‘ಇದ್ದೀಯಾ?’

ಸಾಹೇಬರು ಯಾರೂ ಕೇಳದೆಯೇ ಪಂಪು ನಿಲ್ಲಿಸಿದರು. ಅವಳು ಎರಡು ಬಡಿತ ಬಡಿದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಯಮನೂರನನ್ನು ಹೊರತೆಗೆದರು. ಬೆನ್ನು ಬೆಂದಿತ್ತು, ಎಡಗಾಲು ಮುರಿದಿತ್ತು, ಬುದ್ಧಿ ಸರಿಯಿತ್ತು. ಯಮ ಇವನ ಹೆಸರಿನಲ್ಲೇ ಖಾಯಂ ಮನೆ ಮಾಡಿಕೊಂಡವನು, ಬೇರೆಯಾಗಿ ಬರುವ ತೊಂದರೆ ಯಾಕೆ ತಗೊಂಡಾನು ಎಂದು ಊರವರು ನಕ್ಕರು. ರೇಣವ್ವನ ರೊಟ್ಟಿ ಅಗೆದವರಿಗೆಲ್ಲ ಸಾಕಾಯಿತು, ಪಂಪು ತಂದವರಿಗೂ ಆಯಿತು. ಮನುಷ್ಯನಿಗೂ ಯಂತ್ರಕ್ಕೂ ಬೇರೆ ಬೇರೆ ಸಂಖ್ಯೆ ಇರಬೇಕೆಂದು ಇನಾಂದಾರ್ ಸಾಹೇಬರು ಮೇಲಿನವರಿಗೆ ಬರೆದರು.

ಎರಡು ತಿಂಗಳ ಮೇಲೆ, ಊರುಗೋಲು ಹಿಡಿದು ಮನೆಗೆ ಬಂದ ಯಮನೂರ ಒಲೆಯ ಮುಂದೆ ಕೂತು, ಗೋಡೆ ನೋಡುತ್ತ, ಯಾವಾಗಿನಿಂದ ಗೊತ್ತಿತ್ತು ಎಂದು ಅಕ್ಕನನ್ನು ಕೇಳಿದ. ಅವಳು ಎಲ್ಲ ಹೇಳಿದಳು. ಆರನೆಯ ತರಗತಿ, ಕ್ವಾರಿಯ ಜನ, ಅಪ್ಪನ ಮುಖ. ಪರೀಕ್ಷೆಯ ಮಾತನ್ನೂ ಬಿಡಲಿಲ್ಲ. ಅವನು ಎದ್ದು ಹೊರಗೆ ಹೋದ. ಎರಡು ದಿನ ಅವಳ ಜೊತೆ ಮಾತಾಡಲಿಲ್ಲ, ಅವಳು ಬಡಿಸಿದರೆ ಉಣ್ಣಲಿಲ್ಲ. ಹುಲಿಗೆಮ್ಮ ಅದನ್ನು ಸರಿಯೆಂದೇ ತಿಳಿದಳು. ಒಂದು ಮಾರ್ಕಿಗೆ ಒಂದು ಆಯುಷ್ಯ ಹೋಗಿತ್ತು, ಎರಡು ದಿನ ಯಾವ ಲೆಕ್ಕ?

ಮೂರನೆಯ ದಿನ ಅಮಾವಾಸ್ಯೆ. ಬೆಳಿಗ್ಗೆ ನೋಡಿದರೆ ಯಮನೂರ ಸುಣ್ಣದ ಬಕೀಟು ಇಟ್ಟುಕೊಂಡು ಅಡುಗೆಮನೆಗೆ ಬಳಿಯುತ್ತಿದ್ದಾನೆ. ಮೂರು ಗೋಡೆ ಮುಗಿಸಿ ನಾಲ್ಕನೆಯದಕ್ಕೆ ಬಂದ. ಹುಲಿಗೆಮ್ಮ ಬಾಗಿಲಲ್ಲಿ ನಿಂತು ನೋಡಿದಳು. ತಡೆಯುವ ಹಕ್ಕು ತನಗಿಲ್ಲ ಎಂದುಕೊಂಡಳು. ಅವನ ಕುಂಚ ಮಗ್ಗಿಯ ಅಂಚಿಗೆ ಬಂದು, ಎಂದಿನಂತೆ ಸುತ್ತ ಬಿಟ್ಟು ಮುಂದೆ ಹೋಯಿತು.

ಜಾಜು ಕಲಸಿಕೊಡು ಅಂದ. ಕಲಸಿಕೊಟ್ಟಳು. ಅಪ್ಪನ ನೂರ ಮೂವತ್ತೈದನ್ನು ಮುಟ್ಟದೆ, ಅದರ ಪಕ್ಕದಲ್ಲಿ ಸಣ್ಣಗೆ ನೂರ ಮೂವತ್ಮೂರು ಎಂದು ಬರೆದ.

“ಸಿಟ್ಟು ಬಂದಿತ್ತು, ಯಕ್ಕಾ. ಈಗಿಲ್ಲ,” ಅಂದ. “ಕೆಳಗ ಹತ್ತೊಂಬತ್ತಕ್ಕ ಬಂದಾಗ ಅಪ್ಪ ಮಗ್ಗಿ ಹೇಳಿಕೊಟ್ಟಂಗ ಆತು ನನಗ. ಒಬ್ಬನ ಇದ್ದೇನಿ ಅನಸಲಿಲ್ಲ. ನೀ ಅವತ್ತ ಇದನ್ನ ತಿದ್ದಿದ್ರ ನಾ ಬರೊಬ್ಬರಿ ಬಡೀತಿದ್ದೆ. ಬರೊಬ್ಬರಿ ಬಡದಿದ್ರ, ಯಂತ್ರ ಅಂತ ಬಾಗಲ ಮುಚ್ಚತಿದ್ರು.”

ಹುಲಿಗೆಮ್ಮ ಅವನ ಪಕ್ಕದಲ್ಲಿ, ಹಸಿ ಸುಣ್ಣದ ವಾಸನೆಯಲ್ಲಿ, ಒಲೆಯ ಮುಂದೆ ಕೂತಳು. ರೇಣವ್ವ ಹಂಚು ಇಟ್ಟು ರೊಟ್ಟಿ ಬಡಿಯತೊಡಗಿದಳು. ಯಮನೂರನೇ ಶುರುಮಾಡಿದ, ಚಿಕ್ಕಂದಿನ ರಾಗದಲ್ಲಿ: ಹತ್ತೊಂಬತ್ತೊಂದ್ಲೆ ಹತ್ತೊಂಬತ್ತು. ಅವಳೂ ದನಿಗೂಡಿಸಿದಳು. ಹತ್ತೊಂಬತ್ತಾರ್ಲೆ ನೂರ ಹದಿನಾಲ್ಕರವರೆಗೆ ಇಬ್ಬರೂ ಒಂದೇ ಉಸಿರಿನಲ್ಲಿ ಬಂದರು. ಏಳಕ್ಕೆ ಇಬ್ಬರೂ ಒಂದು ಗಳಿಗೆ ತಡೆದರು. ಆಮೇಲೆ ಇಬ್ಬರ ಬಾಯಿಂದಲೂ ಒಟ್ಟಿಗೇ ಬಂದದ್ದು ಅಪ್ಪನ ಲೆಕ್ಕ.